ಉಬ್ಬಸದ ಮದ್ದು, ಥೈರಾಯಿಡ್ ಗುಳಿಗೆ: ಎರಡೂ ಒಂದೇ ದೇಹದಲ್ಲಿ ಸೇರಿದಾಗ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮನೆಮಂದಿ ಓದಿ ತೆಗೆದಿಟ್ಟುಕೊಳ್ಳಬಹುದಾದ ಒಂದು ವೈದ್ಯಕೀಯ ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡರು. ಈ ಶಾಲೆಯಲ್ಲಿಯೇ ಅಕ್ಷರಾಭ್ಯಾಸ ಮಾಡಿ, ಮುಂದೆ ಬಹುಕಾಲ ಔಷಧಶಾಸ್ತ್ರವನ್ನು ಬೋಧಿಸಿದ ನನಗೆ ವಿಷಯಕ್ಕಾಗಿ ದೂರ ಹೋಗಬೇಕಾಗಲಿಲ್ಲ. ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಔಷಧದ ಚೀಟಿ ಹಿಡಿದುಕೊಂಡು ನನ್ನ ಜಗಲಿಗೆ ಬರುವ ನೆರೆಹೊರೆಯವರಲ್ಲಿ ಅನೇಕರ ಕೈಯಲ್ಲಿ ಒಂದಲ್ಲ, ಎರಡು ಚೀಟಿಗಳಿರುತ್ತವೆ. ಒಂದು ಕಾಸರಗೋಡಿನ ವೈದ್ಯರು ಉಬ್ಬಸಕ್ಕೆ ಬರೆದುಕೊಟ್ಟದ್ದು. ಇನ್ನೊಂದು ಮಂಗಳೂರಿನ ತಜ್ಞರು ಥೈರಾಯಿಡಿಗೆ ಬರೆದುಕೊಟ್ಟದ್ದು. ಆ ಚೀಟಿಯನ್ನು ಈ ವೈದ್ಯರು ನೋಡಿರುವುದಿಲ್ಲ, ಈ ಚೀಟಿಯನ್ನು ಆ ವೈದ್ಯರು ನೋಡಿರುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡುವುದು ರೋಗಿ ಮಾತ್ರ. ಅವರಿಗೋ ಚೀಟಿಯ ಭಾಷೆ ಅರ್ಥವಾಗುವುದಿಲ್ಲ. ಎರಡು ರಾಜ್ಯಗಳ ನಡುವೆ ಬದುಕುವ ನಮ್ಮಂಥವರಿಗೆ ಇದು ನಿತ್ಯದ ಸಂಗತಿ. ಆದುದರಿಂದ “ಇವೆರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ?” ಎಂಬ, ನನ್ನನ್ನು ಪದೇ ಪದೇ ಕೇಳಲಾಗುವ ಪ್ರಶ್ನೆಗೆ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಉತ್ತರಿಸಲು ಯತ್ನಿಸುತ್ತೇನೆ.

ಮೊದಲು ಥೈರಾಯಿಡಿನ ವಿಚಾರ. ಗಂಟಲಿನ ಮುಂಭಾಗದಲ್ಲಿ, ಶ್ವಾಸನಾಳವನ್ನು ಅಪ್ಪಿಕೊಂಡಂತೆ ಚಿಟ್ಟೆಯಾಕಾರದಲ್ಲಿರುವ ಈ ಗ್ರಂಥಿಯು ಥೈರಾಕ್ಸಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ದೇಹದ ಒಲೆಯ ಉರಿಯನ್ನು ಹೆಚ್ಚಿಸುವ, ತಗ್ಗಿಸುವ ಕೆಲಸ ಇದರದು. ಉರಿ ತಗ್ಗಿದರೆ ಮೈ ಭಾರ, ಚಳಿ, ಮಲಬದ್ಧತೆ, ಮಂಕು; ಹೆಚ್ಚಿದರೆ ಎದೆಬಡಿತ, ಬೆವರು, ಕೈನಡುಕ, ತೂಕದ ಇಳಿತ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯಿಡಿನ ಸಾರವನ್ನು, ಈ ಗ್ರಂಥಿ ಸೋತುಹೋಗಿದ್ದ ಮಹಿಳೆಯೊಬ್ಬಳಿಗೆ ಚುಚ್ಚಿ ಕೊಟ್ಟನು. ಆಕೆ ಅನಂತರ 28 ವರ್ಷ ಬದುಕಿದಳು. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. ಇಂದು ಮುಂಜಾನೆ ಬರಿಹೊಟ್ಟೆಯಲ್ಲಿ ನುಂಗುವ ಪುಟ್ಟ ಬಿಳಿ ಗುಳಿಗೆಯ ಪೂರ್ವಚರಿತ್ರೆ ಇಷ್ಟು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. “ನಾನು ಥೈರಾಯಿಡಿಗೆ ಮದ್ದು ತೆಗೆದುಕೊಳ್ಳುತ್ತೇನೆ” ಎಂಬ ಹೇಳಿಕೆಯಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಗ್ರಂಥಿ ಸೋತವರು ಥೈರಾಕ್ಸಿನನ್ನು ಹೊರಗಿನಿಂದ ತುಂಬಿಕೊಳ್ಳುತ್ತಾರೆ. ಗ್ರಂಥಿ ಕೆರಳಿದವರು ಅದನ್ನು ಅಡಗಿಸುವ ಕಾರ್ಬಿಮಜೋಲ್ ಎಂಬ ಔಷಧವನ್ನು ನುಂಗುತ್ತಾರೆ. ಒಂದು ಕೆರೆಗೆ ನೀರು ಬಿಡುವುದು, ಇನ್ನೊಂದು ತೂಬು ಮುಚ್ಚುವುದು. ಉಬ್ಬಸದ ಮದ್ದಿನೊಡನೆ ಇವೆರಡರ ಸಂಬಂಧವೂ ಬೇರೆ ಬೇರೆ.

ಉಬ್ಬಸದ ಮದ್ದುಗಳಲ್ಲಿ ನಮ್ಮವರು ಹೆಚ್ಚಾಗಿ ಬಳಸುವುದು ಸಾಲ್ಬುಟಮಾಲ್. ಶ್ವಾಸನಾಳದ ಸ್ನಾಯುಗಳನ್ನು ಸಡಿಲಿಸಿ ತಕ್ಷಣ ಉಸಿರು ಕೊಡುವಂಥದು. ಎರಡನೆಯದು ನಾಳದ ಊತವನ್ನು ಇಳಿಸುವ ಸ್ಟೀರಾಯಿಡ್. ಸೇದುವ ಔಷಧವಾಗಿ ದಿನನಿತ್ಯ, ಉಬ್ಬಸ ಉಲ್ಬಣಿಸಿದಾಗ ಪ್ರೆಡ್ನಿಸೊಲೋನ್ ಗುಳಿಗೆಯಾಗಿ ಕೆಲವು ದಿನ. ಮೂರನೆಯದು ಥಿಯೋಫಿಲಿನ್ ಗುಂಪು. ಡೆರಿಫಿಲಿನ್ ಎಂದರೆ ಹಳಬರಿಗೆಲ್ಲ ಗೊತ್ತು. ನಾಲ್ಕನೆಯದು ರಾತ್ರಿ ನುಂಗುವ ಮಾಂಟೆಲುಕಾಸ್ಟ್. ಈ ಕೊನೆಯದರ ಬಗ್ಗೆ ಥೈರಾಯಿಡ್ ರೋಗಿಗಳು ಚಿಂತಿಸಬೇಕಾಗಿಲ್ಲ. ಥೈರಾಕ್ಸಿನಿನ ಜೊತೆಗೆ ಅದನ್ನು ಬಳಸಿದಾಗ ತೊಂದರೆ ಕಂಡುಬಂದಿಲ್ಲ. ಸೇದುವ ಸ್ಟೀರಾಯಿಡನ್ನೂ ಸಾಮಾನ್ಯ ಪ್ರಮಾಣದಲ್ಲಿ ನಿಶ್ಚಿಂತೆಯಿಂದ ಬಳಸಬಹುದು. ಸೇದಿದ ಮೇಲೆ ಬಾಯಿ ಮುಕ್ಕಳಿಸಿದರೆ ಆಯಿತು.

ಸಾಲ್ಬುಟಮಾಲಿನ ವಿಷಯದಲ್ಲಿ ಪ್ರಮಾಣವೇ ಮುಖ್ಯ. ಥೈರಾಕ್ಸಿನ್ ಸರಿಯಾದ ಅಳತೆಯಲ್ಲಿದ್ದು ರಕ್ತಪರೀಕ್ಷೆ ಸಮವಾಗಿದ್ದವರು ಇನ್‌ಹೇಲರ್ ಬಳಸಲು ಅಂಜಬೇಕಾಗಿಲ್ಲ. ಆದರೆ ಥೈರಾಕ್ಸಿನ್ ಮಿತಿಮೀರಿದರೆ ಹೃದಯವು ಮೊದಲೇ ನಾಗಾಲೋಟದಲ್ಲಿರುತ್ತದೆ. ಅದರ ಮೇಲೆ ಸಾಲ್ಬುಟಮಾಲ್ ಚಾಟಿ ಬೀಸಿದಂತಾಗುತ್ತದೆ. ವಯಸ್ಸಾದವರಲ್ಲಿ, ಹೃದ್ರೋಗಿಗಳಲ್ಲಿ ನಾಡಿ ತಾಳತಪ್ಪುವ ಅಪಾಯವೂ ಉಂಟು. ಸಾಲ್ಬುಟಮಾಲ್ ಹೆಚ್ಚಾದರೆ ರಕ್ತದ ಪೊಟಾಸಿಯಂ ಇಳಿಯುವುದರಿಂದ ಈ ಅಪಾಯ ಇನ್ನಷ್ಟು ಬೆಳೆಯುತ್ತದೆ. ಇಲ್ಲಿ ನಮ್ಮ ಜನರ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಇನ್‌ಹೇಲರ್ ಎಂದರೆ “ಜೋರಿನ ಮದ್ದು”, ಗುಳಿಗೆ ಎಂದರೆ “ಸೌಮ್ಯ” ಎಂದು ತಿಳಿದು ಗುಳಿಗೆಯನ್ನೇ ಕೇಳಿ ಪಡೆಯುವವರು ಈಗಲೂ ಇದ್ದಾರೆ. ಲೆಕ್ಕ ಹಾಕಿ ನೋಡಿ: ಇನ್‌ಹೇಲರಿನ ಒಂದು ಒತ್ತಿನಲ್ಲಿರುವ ಸಾಲ್ಬುಟಮಾಲ್ 100 ಮೈಕ್ರೋಗ್ರಾಂ; ಒಂದು ಗುಳಿಗೆಯಲ್ಲಿರುವುದು 4 ಮಿಲಿಗ್ರಾಂ, ಅಂದರೆ 40 ಒತ್ತುಗಳಷ್ಟು. ಗುಳಿಗೆಯು ಹೊಟ್ಟೆಯ ಮೂಲಕ ರಕ್ತಕ್ಕೆ ಸೇರಿ, ಇಡೀ ಮೈ ಸುತ್ತಿ, ಕೊನೆಗೆ ಶ್ವಾಸನಾಳಕ್ಕೆ ಬರುತ್ತದೆ. ದಾರಿಯಲ್ಲಿ ಹೃದಯವನ್ನು ಬಡಿದೆಬ್ಬಿಸದೆ ಬಿಡುವುದಿಲ್ಲ. ಥೈರಾಯಿಡ್ ರೋಗಿಗಳಿಗಂತೂ ಇನ್‌ಹೇಲರೇ ಮೇಲು.

ಎದೆಬಡಿತ ಯಾವ ಮದ್ದಿನಿಂದ ಬಂತು ಎಂದು ತಿಳಿಯುವುದು ಹೇಗೆ? ಸಾಲ್ಬುಟಮಾಲಿನ ನಡುಕ ಮತ್ತು ಬಡಿತ ಸೇದಿದ ಕೆಲವೇ ನಿಮಿಷಗಳಲ್ಲಿ ಬಂದು ನಾಲ್ಕಾರು ಗಂಟೆಗಳೊಳಗೆ ತಗ್ಗುತ್ತವೆ. ಥೈರಾಕ್ಸಿನ್ ಹೆಚ್ಚಾದುದರ ಬಡಿತವಾದರೋ ಹಗಲಿರುಳು ಇರುತ್ತದೆ. ಜೊತೆಗೆ ಸೆಕೆ ಸಹಿಸದಿರುವುದು, ತೂಕ ಇಳಿಯುವುದು, ನಿದ್ದೆ ಕೆಡುವುದು. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಒಂದು ದಿನ ಗುಳಿಗೆ ಬಿಟ್ಟು “ಬಡಿತ ನಿಲ್ಲಲಿಲ್ಲ, ಆದುದರಿಂದ ಇದು ಥೈರಾಯಿಡಿನದಲ್ಲ” ಎಂದು ತೀರ್ಮಾನಿಸುವುದು ಸರಿಯಲ್ಲ.

ಇನ್ನು ಥಿಯೋಫಿಲಿನ್. ನನ್ನ ಅಭಿಪ್ರಾಯದಲ್ಲಿ ಥೈರಾಯಿಡ್ ಮತ್ತು ಉಬ್ಬಸದ ಔಷಧಗಳ ನಿಜವಾದ ತಿಕ್ಕಾಟ ನಡೆಯುವುದು ಇಲ್ಲಿ. 1888ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೋಸೆಲ್ ಚಹಾದ ಎಲೆಯಿಂದ ಬೇರ್ಪಡಿಸಿದ ಈ ವಸ್ತು, ಕಾಫಿಯ ಕೆಫೀನಿಗೆ ಹತ್ತಿರದ ನಂಟಿನದು. ಇದರ ಗುಣವೆಂದರೆ ಅಗ್ಗ. ಅವಗುಣವೆಂದರೆ ಪ್ರಯೋಜನಕ್ಕೂ ವಿಷಕ್ಕೂ ನಡುವಿನ ಅಂತರ ತೀರ ಕಿರಿದು. ಹಿಂದೆ ರಕ್ತದ ಒಂದು ಮಿಲಿಲೀಟರಿನಲ್ಲಿ 10ರಿಂದ 20 ಮೈಕ್ರೋಗ್ರಾಂ ಇರಬೇಕೆನ್ನುತ್ತಿದ್ದರು. ಈಗ 5ರಿಂದ 15 ಸಾಕೆನ್ನುತ್ತಾರೆ. ಮೇಲೇರಿದರೆ ಓಕರಿಕೆ, ವಾಂತಿ, ಎದೆಬಡಿತ, ಮತ್ತೂ ಏರಿದರೆ ಅಪಸ್ಮಾರದಂತಹ ಸೆಳೆತ. ಹೊಸ ಔಷಧಗಳು ಬಂದ ಮೇಲೆ ಇದರ ಸ್ಥಾನ ಹಿಂದೆ ಸರಿದಿದ್ದರೂ ನಮ್ಮ ಹಳ್ಳಿಗಳಲ್ಲಿ ಇದು ಮರೆಯಾಗಿಲ್ಲ.

ಥಿಯೋಫಿಲಿನನ್ನು ಕರಗಿಸಿ ಹೊರಹಾಕುವುದು ಯಕೃತ್ತಿನ ಕೆಲಸ. ಆ ಕೆಲಸದ ವೇಗವನ್ನು ನಿರ್ಧರಿಸುವ ಸಂಗತಿಗಳಲ್ಲಿ ಥೈರಾಯಿಡ್ ಒಂದು. ಗ್ರಂಥಿ ಕೆರಳಿದಾಗ ಯಕೃತ್ತು ಬಿರುಸಿನಿಂದ ದುಡಿಯುತ್ತದೆ, ಥಿಯೋಫಿಲಿನ್ ಬೇಗ ಖಾಲಿಯಾಗುತ್ತದೆ. ಸೋತಾಗ ಯಕೃತ್ತೂ ಮಂದವಾಗಿ, ಥಿಯೋಫಿಲಿನ್ ಮೈಯಲ್ಲಿ ನಿಲ್ಲುತ್ತದೆ. ಗ್ರಂಥಿ ಸೋತಿದ್ದು, ಅದು ಯಾರಿಗೂ ತಿಳಿಯದೆ, ಡೆರಿಫಿಲಿನ್ ನುಂಗುತ್ತಿರುವವರಿಗೆ ಸಾಮಾನ್ಯ ಪ್ರಮಾಣವೇ ಹೆಚ್ಚಾಗಿಬಿಡಬಹುದು. ಅವರಿಗೇ ಥೈರಾಕ್ಸಿನ್ ಆರಂಭಿಸಿದರೆ ಕೆಲವು ವಾರಗಳಲ್ಲಿ ಯಕೃತ್ತು ಚುರುಕಾಗಿ ಥಿಯೋಫಿಲಿನ್ ಇಳಿಯುತ್ತದೆ. ಹತೋಟಿಯಲ್ಲಿದ್ದ ಉಬ್ಬಸ ಮತ್ತೆ ತಲೆಯೆತ್ತುತ್ತದೆ. “ಥೈರಾಯಿಡ್ ಗುಳಿಗೆ ಉಷ್ಣ, ಅದರಿಂದಲೇ ದಮ್ಮು ಬಂತು” ಎಂದು ಮನೆಯವರು ಗುಳಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬೇಕಾದುದು ಅದಲ್ಲ, ಸರಿಪಡಿಸಬೇಕಾದುದು ಉಬ್ಬಸದ ಮದ್ದಿನ ಅಳತೆ.

ಇದರ ವಿರುದ್ಧ ದಿಕ್ಕಿನ ಕಥೆ ಇನ್ನೂ ಅಪಾಯಕಾರಿ. ಗ್ರಂಥಿ ಕೆರಳಿದವರಿಗೆ ಥಿಯೋಫಿಲಿನ್ ಬೇಗ ಕರಗುವುದರಿಂದ ಉಬ್ಬಸ ತಗ್ಗುವುದಿಲ್ಲ. ವೈದ್ಯರು ಪ್ರಮಾಣ ಏರಿಸುತ್ತಾರೆ. ಆಮೇಲೆ ಥೈರಾಯಿಡಿನ ವಿಷಯ ಪತ್ತೆಯಾಗಿ ಬೇರೊಬ್ಬರು ಕಾರ್ಬಿಮಜೋಲ್ ಕೊಡುತ್ತಾರೆ. ಒಂದೆರಡು ತಿಂಗಳಲ್ಲಿ ಗ್ರಂಥಿ ಶಾಂತವಾಗುತ್ತದೆ, ಯಕೃತ್ತು ಸಹಜ ನಡಿಗೆಗೆ ಮರಳುತ್ತದೆ. ಆದರೆ ಥಿಯೋಫಿಲಿನ್ ಮಾತ್ರ ಏರಿಸಿದ ಪ್ರಮಾಣದಲ್ಲಿಯೇ ಒಳಗೆ ಹೋಗುತ್ತಿರುತ್ತದೆ. ರೋಗ ಗುಣವಾಗುತ್ತಿರುವ ಹೊತ್ತಿನಲ್ಲೇ ವಾಂತಿ, ಬಡಿತ, ನಿದ್ರಾಹೀನತೆ ಮೊದಲಾಗುತ್ತವೆ. ಯಾವ ವೈದ್ಯರೂ ತಪ್ಪು ಔಷಧ ಬರೆದಿಲ್ಲ. ಚೀಟಿಗಳು ಒಂದನ್ನೊಂದು ಕಂಡಿಲ್ಲ, ಅಷ್ಟೆ. ಸಿಪ್ರೋಫ್ಲಾಕ್ಸಸಿನ್, ಎರಿತ್ರೋಮೈಸಿನ್ ಎಂಬ ಪ್ರತಿಜೀವಕಗಳೂ ಥಿಯೋಫಿಲಿನನ್ನು ಏರಿಸುತ್ತವೆ. ಬೀಡಿ ಸೇದುವವರು ಅದನ್ನು ಬಿಟ್ಟಾಗಲೂ ಅದು ಏರುತ್ತದೆ. ಬೀಡಿ ಬಿಡಬಾರದೆಂದು ಇದರರ್ಥವಲ್ಲ. ಬಿಟ್ಟ ಸಂತೋಷದ ಸುದ್ದಿಯನ್ನು ವೈದ್ಯರಿಗೂ ತಿಳಿಸಿ.

ಪ್ರೊಪ್ರನಲಾಲ್ ಎಂಬ ಹೆಸರನ್ನು ಮಾತ್ರ ಉಬ್ಬಸವುಳ್ಳ ಪ್ರತಿಯೊಬ್ಬರೂ ಬಾಯಿಪಾಠ ಮಾಡಿಕೊಳ್ಳಬೇಕು. ಥೈರಾಯಿಡ್ ಕೆರಳಿದಾಗ ಎದೆಬಡಿತ, ನಡುಕಗಳನ್ನು ತಗ್ಗಿಸಲು ಕಾರ್ಬಿಮಜೋಲಿಗೆ ವಾರಗಳೇ ಬೇಕು. ಅಲ್ಲಿಯವರೆಗೆ ನೆಮ್ಮದಿ ಕೊಡಲು ವೈದ್ಯರು ಸಾಮಾನ್ಯವಾಗಿ ಆರಿಸಿಕೊಳ್ಳುವುದು ಇದನ್ನು. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ರೂಪಿಸಿದ ಈ ಔಷಧ ಹೃದ್ರೋಗಿಗಳಿಗೆ ವರದಾನವಾಯಿತು. 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ಇದು ಹೃದಯದ ಬಾಗಿಲನ್ನು ಮುಚ್ಚುವಾಗ ಶ್ವಾಸನಾಳದ ಬಾಗಿಲನ್ನೂ ಮುಚ್ಚುತ್ತದೆ. ಸಾಲ್ಬುಟಮಾಲ್ ಯಾವ ಬಾಗಿಲನ್ನು ತೆರೆಯುತ್ತದೆಯೋ ಅದಕ್ಕೇ ಇದು ಬೀಗ ಹಾಕುವುದರಿಂದ, ಉಸಿರು ಕಟ್ಟಿದಾಗ ಇನ್‌ಹೇಲರ್ ಸೇದಿದರೂ ಸುಲಭವಾಗಿ ಫಲ ಸಿಗುವುದಿಲ್ಲ. ಉಬ್ಬಸದವರಿಗೆ ಇದನ್ನು ಕೊಡಬಾರದೆಂಬುದು ಔಷಧಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅಂಥವರಿಗೆ ಡಿಲ್ಟಿಯಜಮ್‌ನಂತಹ ಬೇರೆ ಮಾರ್ಗಗಳಿವೆ. ಕಣ್ಣಿನ ಒತ್ತಡಕ್ಕೆ ಹಾಕುವ ಟಿಮೊಲಾಲ್ ಹನಿಯೂ ಇದೇ ಕುಲದ್ದು. ಕಣ್ಣಿಗೆ ಬಿದ್ದ ಹನಿ ಎದೆಯನ್ನು ಬಿಗಿಯಬಲ್ಲದು.

ಪಾಠ ಎಲ್ಲ ವೈದ್ಯರಿಗೂ ಗೊತ್ತಿದ್ದ ಮೇಲೆ ಅನರ್ಥ ಹೇಗಾಗುತ್ತದೆ? ನಮ್ಮ ಊರಿನ ಒಬ್ಬ ತಾಯಿಯ ಪ್ರಸಂಗವನ್ನು ಹೇಳುತ್ತೇನೆ. ಬೇಸಗೆಯಲ್ಲಿ ಥೈರಾಯಿಡ್ ಕೆರಳಿ ಆಸ್ಪತ್ರೆಗೆ ಹೋದಾಗ, “ಬೇರೆ ಕಾಯಿಲೆ ಏನಾದರೂ ಇದೆಯೇ?” ಎಂದು ಅಲ್ಲಿನ ವೈದ್ಯರು ಮಲಯಾಳದಲ್ಲಿ ಕೇಳಿದರು. ಆಕೆ “ಇಲ್ಲ” ಎಂದರು. ಆಕೆಯ ಮಟ್ಟಿಗೆ ಅದು ಸುಳ್ಳಲ್ಲ. ಉಬ್ಬಸ ಆಕೆಗೆ ಬರುವುದು ಆಟಿ ತಿಂಗಳ ಮಳೆಯಲ್ಲಿ, ಗೋಡೆಗೆ ಬೂಷ್ಟು ಹಿಡಿದಾಗ. ತಾಯಿಯಿಂದ ಬಂದ ಬಳುವಳಿಯೆಂದು ತಿಳಿದು, ಅದನ್ನು ಕಾಯಿಲೆಯೆಂದು ಎಣಿಸಿದವರೇ ಅಲ್ಲ. “ವಲಿವು ಉಂಟೇ?” ಎಂದು ವೈದ್ಯರು ಮತ್ತೆ ಕೇಳಿದ್ದರಂತೆ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು ಮಾತಾಡುವ ಆಕೆಗೆ ಮಲಯಾಳದಲ್ಲಿ ಉಬ್ಬಸಕ್ಕೆ ಆ ಹೆಸರೆಂದು ತಿಳಿಯದು. ಏನೋ ಸೆಳೆತವೆಂದುಕೊಂಡು ಮತ್ತೆ ತಲೆಯಾಡಿಸಿದರು. ಪ್ರೊಪ್ರನಲಾಲ್ ನುಂಗಿದ ಮೊದಲ ರಾತ್ರಿಯೇ ಮಳೆ ಇಲ್ಲದ ಕಾಲದಲ್ಲಿ ಉಬ್ಬಸ ಎದ್ದಿತು. ಸಕಾಲದಲ್ಲಿ ಆಮ್ಲಜನಕ ದೊರೆತು ಬದುಕಿದರು. ಅಂದಿನಿಂದ ನಾನು ಕಂಡವರಿಗೆಲ್ಲ ಹೇಳುವುದಿದು: ಉಬ್ಬಸ, ದಮ್ಮು, ಗೂರಲು, ವಲಿವು, ಶ್ವಾಸಂಮುಟ್ಟು, ಆಸ್ತಮಾ ಎಲ್ಲವೂ ಒಂದೇ ಕಾಯಿಲೆಯನ್ನು ಸೂಚಿಸುವ ಹೆಸರುಗಳು. ಹತ್ತು ವರ್ಷದಿಂದ ಬಾರದಿದ್ದರೂ, ಬಾಲ್ಯದಲ್ಲಿ ಮಾತ್ರ ಇದ್ದಿತ್ತೆಂದರೂ ಹೇಳಲೇಬೇಕು.

ಎರಡು ಮದ್ದುಗಳ ನಡುವೆ ಸದ್ದಿಲ್ಲದೆ ಬಂದು ಸೇರುವ ಮೂರನೆಯವರೂ ಇದ್ದಾರೆ. ಪ್ರೆಡ್ನಿಸೊಲೋನ್ ಬರೆದ ವೈದ್ಯರು ಹೊಟ್ಟೆಯುರಿಗೆ ಒಂದು ಗುಳಿಗೆ, ಎಲುಬಿಗೆ ಒಂದು ಕ್ಯಾಲ್ಸಿಯಂ ಜೊತೆಗೇ ಬರೆಯುವುದುಂಟು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ, ಹೊಟ್ಟೆಯುರಿಯ ದ್ರವ ಇವು ಥೈರಾಕ್ಸಿನನ್ನು ಕರುಳಿನಲ್ಲಿಯೇ ಹಿಡಿದುಕೊಂಡು ರಕ್ತಕ್ಕೆ ಹೋಗಗೊಡುವುದಿಲ್ಲ. ಇವುಗಳ ಮತ್ತು ಥೈರಾಕ್ಸಿನಿನ ನಡುವೆ 4 ಗಂಟೆಯ ಅಂತರ ಬೇಕು. ಒಮೆಪ್ರಜೋಲ್, ಪಾಂಟೊಪ್ರಜೋಲ್‌ಗಳು ಹೊಟ್ಟೆಯ ಆಮ್ಲವನ್ನೇ ಇಳಿಸುವುದರಿಂದ ಅಂತರ ಬಿಟ್ಟರೂ ಸ್ವಲ್ಪ ಕುಂದು ಉಳಿಯಬಹುದು. ತಿಂಗಳುಗಟ್ಟಲೆ ತೆಗೆದುಕೊಳ್ಳುವವರು ರಕ್ತಪರೀಕ್ಷೆ ಮಾಡಿಸಬೇಕು. ನಮ್ಮ ಮನೆಗಳ ಕಾಫಿಯೂ ಈ ಪಟ್ಟಿಯಲ್ಲಿದೆ. ಥೈರಾಕ್ಸಿನ್ ಗುಳಿಗೆಯನ್ನು ಕಾಫಿಯ ಜೊತೆ ನುಂಗಿದರೆ ಅದರ ಒಂದು ಭಾಗ ವ್ಯರ್ಥವಾಗುತ್ತದೆ. ಬರಿಯ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾದು, ಆಮೇಲೆ ಕಾಫಿ. ಕಾಯುವ ಆ ಹೊತ್ತಿನಲ್ಲಿ ಇನ್‌ಹೇಲರ್ ಸೇದಬಹುದು. ಅದಕ್ಕೂ ಹೊಟ್ಟೆಗೂ ಜಗಳವಿಲ್ಲ.

ಸ್ಟೀರಾಯಿಡ್ ಗುಳಿಗೆಯನ್ನು ದೀರ್ಘಕಾಲ ನುಂಗಿದವರ ವಿಷಯದಲ್ಲಿ ಇನ್ನೊಂದು ಎಚ್ಚರ. ಹೊರಗಿನಿಂದ ಸ್ಟೀರಾಯಿಡ್ ಬರುತ್ತಿದ್ದರೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ನಿದ್ದೆ ಹೋಗುತ್ತವೆ. ಹಠಾತ್ತನೆ ಗುಳಿಗೆ ನಿಲ್ಲಿಸಿದರೆ ಅವು ಕೂಡಲೇ ಏಳುವುದಿಲ್ಲ. ಅದೇ ಸಮಯದಲ್ಲಿ ಥೈರಾಕ್ಸಿನ್ ಆರಂಭವಾದರೆ, ಮೈಯಲ್ಲಿ ಉಳಿದಿರುವ ಅಲ್ಪ ಸ್ಟೀರಾಯಿಡೂ ಬೇಗ ಕರಗಿ, ರಕ್ತದೊತ್ತಡ ಕುಸಿದು ಪ್ರಾಣಾಪಾಯ ಒದಗಬಹುದು. ಆದುದರಿಂದ ಥೈರಾಕ್ಸಿನ್ ಬರೆಯುವ ವೈದ್ಯರಿಗೆ “ಕಳೆದ ವರ್ಷದಲ್ಲಿ ಇಂತಿಷ್ಟು ಸಲ ಸ್ಟೀರಾಯಿಡ್ ತೆಗೆದುಕೊಂಡಿದ್ದೇನೆ” ಎಂದು ತಿಳಿಸುವುದು ಅಗತ್ಯ. ಎಲುಬಿನ ವಿಚಾರವೂ ಹಾಗೆಯೇ: ಮಿತಿಮೀರಿದ ಥೈರಾಕ್ಸಿನ್ ಮತ್ತು ದೀರ್ಘಕಾಲದ ಸ್ಟೀರಾಯಿಡ್ ಎರಡೂ ಎಲುಬನ್ನು ಸವೆಸುತ್ತವೆ, ಮುಟ್ಟು ನಿಂತ ಹೆಂಗಸರಲ್ಲಿ ಎರಡೂ ಸೇರಿದರೆ ಸಣ್ಣ ಜಾರುವಿಕೆಗೂ ಸೊಂಟ ಮುರಿಯುತ್ತದೆ.

ಅಂಗಡಿಯಲ್ಲಿ ಕೇಳಿ ತರುವ ನೆಗಡಿ, ಕೆಮ್ಮಿನ ಔಷಧಗಳಲ್ಲಿ ಹೃದಯವನ್ನು ಕೆರಳಿಸುವ ಫಿನೈಲೆಫ್ರಿನ್‌ನಂತಹ ವಸ್ತುಗಳಿರುತ್ತವೆ. ಹಳೆಯ ಕಫಹಾರಿಗಳಲ್ಲಿ ಪೊಟಾಸಿಯಂ ಅಯೊಡೈಡ್ ಇರುತ್ತಿತ್ತು, ಅದು ಥೈರಾಯಿಡನ್ನು ಎರಡೂ ಕಡೆಗೆ ತಿರುಗಿಸಬಲ್ಲದು. ಸೋಮಲತೆ ಸೇರಿದ ಆಯುರ್ವೇದದ ಯೋಗಗಳಲ್ಲಿ ಎಫೆಡ್ರಿನ್ ಇರುತ್ತದೆಂಬುದೂ ತಿಳಿದಿರಲಿ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಾಡಿಗೆ ಅದರ ಪರಿವೆ ಇಲ್ಲದಿರುವುದಿಲ್ಲ. ಅಡಿಕೆಯ ನಾಡಿನಲ್ಲಿ ಕುಳಿತು ಹೇಳಲು ಸಂಕೋಚವಾದರೂ ಹೇಳಿಬಿಡುತ್ತೇನೆ: ಅಡಿಕೆಯಲ್ಲಿರುವ ಅರೆಕೋಲಿನ್ ಕೆಲವು ಉಬ್ಬಸ ರೋಗಿಗಳ ಶ್ವಾಸನಾಳವನ್ನು ಬಿಗಿಯುತ್ತದೆ.

ಉಬ್ಬಸವೆಂದು ಬಗೆದುದು ಉಬ್ಬಸವೇ ಅಲ್ಲದಿರುವ ಸಂದರ್ಭವೂ ಉಂಟು. ದೊಡ್ಡದಾಗಿ ಬೆಳೆದ ಗಳಗಂಡ ಶ್ವಾಸನಾಳವನ್ನು ಒತ್ತಿದರೆ ಉಸಿರಿನಲ್ಲಿ ಶಬ್ದ ಬರುತ್ತದೆ. ಉಬ್ಬಸದ ಸಿಳ್ಳು ಹೆಚ್ಚಾಗಿ ಉಸಿರು ಬಿಡುವಾಗ ಕೇಳುವುದು. ಇದು ಎಳೆದುಕೊಳ್ಳುವಾಗ, ಮಲಗಿದಾಗ ಹೆಚ್ಚು. ಎಷ್ಟು ಇನ್‌ಹೇಲರ್ ಸೇದಿದರೂ ತಗ್ಗದ ಶಬ್ದಕ್ಕೆ ಗಂಟಲನ್ನೊಮ್ಮೆ ಪರೀಕ್ಷಿಸಿಕೊಳ್ಳುವುದೊಳ್ಳೆಯದು. ಗ್ರಂಥಿ ಕೆರಳಿದ್ದರಿಂದಲೇ ನಿಜವಾದ ಉಬ್ಬಸ ಹದಗೆಡುವುದೂ, ಅದನ್ನು ಶಮನಗೊಳಿಸಿದ ಮೇಲೆ ಹತೋಟಿಗೆ ಬರುವುದೂ ವೈದ್ಯರ ಅನುಭವದಲ್ಲಿದೆ. ಔಷಧಗಳ ತಿಕ್ಕಾಟಕ್ಕೆ ಹೆದರಿ ಥೈರಾಯಿಡಿನ ಚಿಕಿತ್ಸೆಯನ್ನು ಮುಂದೂಡುವವರಿಗೆ ನಾನು ಹೇಳುವ ಉತ್ತರ ಇದು.

2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ನಿಮಿತ್ತ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ, ಮಂಗಳೂರಿನ ಚಿಕಿತ್ಸೆಯನ್ನೇ ನಂಬಿದ್ದ ಕುಟುಂಬಗಳು ಪಟ್ಟ ಪಾಡು ಯಾರೂ ಮರೆತಿರಲಾರರು. ಮದ್ದು ಮುಗಿದ ಕೆಲವರು ನನಗೆ ದೂರವಾಣಿ ಮಾಡಿ ಕೇಳಿದಾಗ, “ನೀಲಿ ಡಬ್ಬಿ”, “ಸಣ್ಣ ಬಿಳಿ ಗುಳಿಗೆ” ಎಂಬುದಕ್ಕಿಂತ ಹೆಚ್ಚಿನ ವಿವರ ಅವರಲ್ಲಿರಲಿಲ್ಲ. ವ್ಯಾಪಾರದ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಔಷಧದ ಮೂಲನಾಮ ಬದಲಾಗುವುದಿಲ್ಲ. ಒಂದು ಹಾಳೆಯಲ್ಲಿ ಮೂಲನಾಮ, ಪ್ರಮಾಣ, ನುಂಗುವ ಹೊತ್ತು, ಆರಂಭಿಸಿದ ತಿಂಗಳು ಇಷ್ಟನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು, ನಿಲ್ಲಿಸಿದ ಔಷಧಗಳನ್ನು ಅಡಿಯಲ್ಲಿ ಬೇರೆಯಾಗಿ ಗುರುತಿಸಿ, ಮೇಲ್ತುದಿಯಲ್ಲಿ “ಉಬ್ಬಸ ಇದೆ, ಪ್ರೊಪ್ರನಲಾಲ್ ಬೇಡ” ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಆದಂತೆ. ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಿದರೆ ಅಜ್ಜಿಯ ಹಾಳೆಯನ್ನು ಸೊಗಸಾಗಿಯೇ ಬರೆಯುತ್ತಾರೆ. ಈ ಲೇಖನವನ್ನು ಓದಿ ಮಾತ್ರ ಯಾರೂ ತಾವಾಗಿ ಯಾವ ಔಷಧವನ್ನೂ ನಿಲ್ಲಿಸಬಾರದು, ಬದಲಿಸಬಾರದು. ಹಾಳೆಯನ್ನು ವೈದ್ಯರ ಮುಂದಿಟ್ಟು ಕೇಳಬೇಕು.

ರಕ್ತಪರೀಕ್ಷೆಯ ಬಗ್ಗೆ ಎರಡು ಮಾತು ಉಳಿದಿದೆ. ಥೈರಾಕ್ಸಿನಿನ ಪ್ರಮಾಣ ಬದಲಾಯಿಸಿದ ಮೇಲೆ ಟಿ.ಎಸ್.ಹೆಚ್. ಪರೀಕ್ಷೆಗೆ 6ರಿಂದ 8 ವಾರ ಕಾಯಬೇಕು. ಅದಕ್ಕೆ ಮೊದಲು ಮಾಡಿಸಿದರೆ ಹಣ ವ್ಯರ್ಥ. ಉಬ್ಬಸ ಉಲ್ಬಣಿಸಿ ಆಸ್ಪತ್ರೆಯಲ್ಲಿ ಮಲಗಿರುವಾಗ, ಸ್ಟೀರಾಯಿಡ್ ಚುಚ್ಚುಮದ್ದು ನಡೆಯುತ್ತಿರುವಾಗ ಮಾಡಿಸಿದ ಪರೀಕ್ಷೆಯೂ ಅಷ್ಟೆ: ಸ್ಟೀರಾಯಿಡ್ ಟಿ.ಎಸ್.ಹೆಚ್.ಅನ್ನು ತಗ್ಗಿಸುವುದರಿಂದ, ಸರಿಯಾದ ಅಳತೆಯಲ್ಲಿ ಥೈರಾಕ್ಸಿನ್ ನುಂಗುತ್ತಿರುವವರ ವರದಿಯೂ “ಮದ್ದು ಹೆಚ್ಚಾಗಿದೆ” ಎಂಬಂತೆ ಕಾಣಬಹುದು. ಅಂತಹ ವರದಿ ಬಂದಾಗ ಪ್ರಮಾಣ ಇಳಿಸುವ ಮೊದಲು, ಚೇತರಿಸಿಕೊಂಡು ಕೆಲವು ವಾರ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಬಹುದೇ ಎಂದು ವೈದ್ಯರನ್ನು ಕೇಳಿ. ರಕ್ತ ಕೊಡುವ ದಿನ ಬೆಳಗಿನ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗಿ.